ಪ್ರವಾಸದ ಪಾಸು: ಕೊಳ್ಳುವುದೋ, ಬಿಡುವುದೋ?

2025ರ ಮಳೆಗಾಲ ಕಳೆದು ಅಂಗಳದಲ್ಲಿ ಬಿಸಿಲು ಕಾಣಿಸಿಕೊಂಡ ದಿನಗಳಲ್ಲಿ ನಮ್ಮ ನೆರೆಯ ನಿವೃತ್ತ ಅಧ್ಯಾಪಕರೊಬ್ಬರು ಒಂದು ಸಂಜೆ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಮಗನು ಗಲ್ಫಿನಿಂದ ಕಳುಹಿಸಿದ ಸಂದೇಶ ತುಂಬಿದ ಮೊಬೈಲು. ಎಲೆಅಡಿಕೆಯ ಹರಿವಾಣ ಮುಂದಿಟ್ಟರೂ ಅವರ ಕೈ ಅತ್ತ ಹೋಗಲಿಲ್ಲ.

"ನೋಡಿ ಮಾರಾಯ್ರೇ, ಅಮ್ಮನನ್ನು ಒಮ್ಮೆ ದಿಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಉಂಟು. ಅಲ್ಲಿ ಮೂರು ದಿನ ಎಷ್ಟು ಬೇಕಾದರೂ ಓಡಾಡುವ ಪ್ರವಾಸಿ ಪಾಸು ಸಿಗುತ್ತದಂತೆ. ಮಗ ತೆಗೆದುಕೊಳ್ಳಿ ಅಂತ ಹೇಳುತ್ತಾನೆ. ತೆಗೆದುಕೊಂಡರೆ ಲಾಭವೋ, ಮೋಸವೋ, ಒಂದು ಲೆಕ್ಕ ಹಾಕುವ ಬನ್ನಿ" ಎಂದರು.

ಪ್ರಶ್ನೆ ಸಣ್ಣದು. ಆದರೆ ಅದರ ಹಿಂದೆ ಇದ್ದ ಸಂಗತಿ ಸಣ್ಣದಾಗಿರಲಿಲ್ಲ. ಮಾಷ್ಟ್ರ ತಾಯಿಗೆ ಎಂಬತ್ತೆರಡು ವರ್ಷ. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಆಕೆಯ ತಂದೆ ಹೋಗಿ ಕಣ್ಣಾರೆ ನೋಡಿ ಬಂದವರು. 1948ರ ಜನವರಿಯ ಆ ಸುದ್ದಿ ಬಂದ ದಿನ ಮನೆಯಲ್ಲಿ ಒಲೆ ಉರಿಸದೆ ಉಪವಾಸ ಕುಳಿತದ್ದು ಐದು ವರ್ಷದ ಆ ಹುಡುಗಿಯ ಮನಸ್ಸಿನಲ್ಲಿ ಉಳಿದಿತ್ತು. ಅಂದಿನಿಂದ ರಾಜಘಾಟವನ್ನು ಒಮ್ಮೆ ನೋಡಬೇಕೆಂಬ ಆಸೆ. ಸಂಸಾರ, ತೋಟ, ಮಕ್ಕಳ ಓದು ಎಂದು ಅದು ಮುಂದಕ್ಕೆ ಹೋಗುತ್ತಲೇ ಬಂತು. ಈಗ ಮೊಣಗಂಟು ನೋವು. ಇನ್ನು ತಡಮಾಡಿದರೆ ದೂರ ಪ್ರಯಾಣ ಕಷ್ಟವಾದೀತೆಂದು ವೈದ್ಯರೂ ಹೇಳಿಬಿಟ್ಟಿದ್ದರು. ಹಾಗಾಗಿ ಇದು ಎರಡನೆಯ ಸಲ ಆಗುವ ಪ್ರವಾಸವಲ್ಲ. ತಪ್ಪಿದರೆ ತಪ್ಪಿತು.

ಪಾಸು ಎಂದರೆ ಏನು?

ಪ್ರವಾಸಿ ಪಾಸುಗಳು ಈಗ ದೊಡ್ಡ ಊರುಗಳಲ್ಲೆಲ್ಲ ಇವೆ. ಅವುಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಒಂದು, ಬಸ್ಸು, ರೈಲುಗಳಲ್ಲಿ ಇಂತಿಷ್ಟು ದಿನ ಮನಬಂದಂತೆ ಸಂಚರಿಸಲು ಕೊಡುವ ಪಾಸು. ಇನ್ನೊಂದು, ವಸ್ತುಸಂಗ್ರಹಾಲಯ, ಕೋಟೆ, ಅರಮನೆಗಳ ಪ್ರವೇಶದ ಚೀಟಿಗಳನ್ನು ಒಟ್ಟುಗೂಡಿಸಿ ಕೊಡುವ ಪಾಸು. ಎರಡರ ತತ್ವವೂ ಒಂದೇ: ಮೊದಲೇ ಒಂದು ಮೊತ್ತ ತೆತ್ತುಬಿಡಿ, ಆಮೇಲೆ ಕಿಸೆಗೆ ಕೈ ಹಾಕಬೇಡಿ.

ನಮ್ಮ ಕಡೆಯ ಮದುವೆ ಊಟದ ಸಾಲಿನಲ್ಲಿ ಕುಳಿತವನಿಗೆ ಎಷ್ಟು ಬಡಿಸಿದರೂ ಸರಿಯೇ. ಆದರೆ ಹೊಟ್ಟೆಗೆ ಒಂದು ಮಿತಿ ಇದೆ. ಪ್ರವಾಸಿಯ ಕಾಲಿಗೂ ದಿನದ ಹಗಲಿಗೂ ಅಂಥದೇ ಮಿತಿ ಇದೆ. 'ಎಷ್ಟು ಬೇಕಾದರೂ' ಎಂಬ ಮಾತನ್ನು ಓದುವಾಗ 'ನನ್ನಿಂದ ಎಷ್ಟು ಸಾಧ್ಯ' ಎಂದು ಕೇಳಿಕೊಳ್ಳುವವನು ಮೋಸಹೋಗಲಾರ.

ಕ್ಯಾಲೆಂಡರಿನ ಹಿಂಬದಿಯ ಲೆಕ್ಕ

ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ಪೆನ್ಸಿಲು ಹಿಡಿದು ನಾವಿಬ್ಬರೂ ಕುಳಿತೆವು. ದಿಲ್ಲಿ ಮೆಟ್ರೋ ರೈಲಿನ ಪ್ರವಾಸಿ ಕಾರ್ಡಿಗೆ ನಾವು ಹಿಡಿದ ದರ ಹೀಗಿತ್ತು: ಒಂದು ದಿನದ್ದಕ್ಕೆ 200 ರೂಪಾಯಿ, ಮೂರು ದಿನದ್ದಕ್ಕೆ 500 ರೂಪಾಯಿ. ಎರಡರಲ್ಲೂ 50 ರೂಪಾಯಿ ಠೇವಣಿ. ಕಾರ್ಡು ಮರಳಿಸಿದಾಗ ಅದು ವಾಪಸು ಸಿಗುತ್ತದೆ. ಹಾಗಾದರೆ ನಿಜವಾದ ಖರ್ಚು ಒಂದು ದಿನಕ್ಕೆ 150, ಮೂರು ದಿನಕ್ಕೆ 450.

ಇಲ್ಲಿಯೇ ಒಂದು ಸ್ವಾರಸ್ಯ. 450ನ್ನು ಮೂರರಿಂದ ಭಾಗಿಸಿದರೆ ಬರುವುದು ಅದೇ 150! ಮೂರು ದಿನದ ಕಾರ್ಡು ಕೊಂಡವನಿಗೆ ಒಂದು ಪೈಸೆಯ ರಿಯಾಯಿತಿಯೂ ಇಲ್ಲ. ನಡುವೆ ಒಂದು ದಿನ ಜ್ವರ ಬಂದರೆ, ಬಂಧುಗಳ ಮನೆಯಲ್ಲಿ ಊಟಕ್ಕೆ ನಿಲ್ಲಬೇಕಾಗಿ ಬಂದರೆ ಆ ದಿನದ 150 ನೀರಿಗೆ ಹೋಮ. ದಿನದಿನದ ಕಾರ್ಡು ಕೊಳ್ಳುವವನಿಗೆ ಆ ಭಯವಿಲ್ಲ. ಗಣಿತದ ಮಾಷ್ಟ್ರಾಗಿದ್ದ ನಮ್ಮ ನೆರೆಯವರು ಇದನ್ನು ಕಂಡು ಮೊದಲ ಬಾರಿಗೆ ನಕ್ಕು ಎಲೆಗೆ ಸುಣ್ಣ ಹಚ್ಚಿದರು.

ಇನ್ನು ಬಿಡಿ ಟಿಕೇಟಿನ ದರ. 2025ರ ಆಗಸ್ಟ್ 25ರಿಂದ ದಿಲ್ಲಿ ಮೆಟ್ರೋದ ಪರಿಷ್ಕೃತ ದರಗಳು ಹೀಗಿವೆ: 2 ಕಿಲೋಮೀಟರಿನವರೆಗೆ 11 ರೂಪಾಯಿ, 5ರವರೆಗೆ 21, 12ರವರೆಗೆ 32, 21ರವರೆಗೆ 43, 32ರವರೆಗೆ 54, ಅದಕ್ಕೂ ಮೀರಿದರೆ 64. ಭಾನುವಾರ ಮತ್ತು ರಾಷ್ಟ್ರೀಯ ರಜಾದಿನಗಳಲ್ಲಿ 2 ಕಿಲೋಮೀಟರಿಗೆ ಮೀರಿದ ಪ್ರಯಾಣಗಳ ದರ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ. 32 ಇದ್ದದ್ದು 21 ಆಗುತ್ತದೆ.

ಈ ದರಗಳಲ್ಲಿ 150 ರೂಪಾಯಿ ಮರಳಿ ಬರಬೇಕಾದರೆ ದಿನಕ್ಕೆ ಎಷ್ಟು ಸಲ ರೈಲು ಹತ್ತಬೇಕು? 32 ರೂಪಾಯಿಯ ಪ್ರಯಾಣವಾದರೆ ನಾಲ್ಕು ಸಲಕ್ಕೆ 128, ಐದು ಸಲಕ್ಕೆ 160. ಅಂದರೆ ಐದು ಸಲ ಹತ್ತಿದವನಿಗೆ 10 ರೂಪಾಯಿ ಲಾಭ. 43ರದ್ದಾದರೆ ನಾಲ್ಕು ಸಲ ಸಾಕು. 21ರದ್ದಾದರೆ ಎಂಟು ಸಲ ಹತ್ತಿಳಿಯಬೇಕು.

ಮೂರನೆಯ ದಾರಿಯೂ ಒಂದಿದೆ. ಅಲ್ಲಿನ ನಿವಾಸಿಗಳು ನಿತ್ಯ ಬಳಸುವ ಸ್ಮಾರ್ಟ್ ಕಾರ್ಡನ್ನು ಪ್ರವಾಸಿಗಳೂ ಕೊಳ್ಳಬಹುದು. ಅದರಲ್ಲಿ ಪ್ರತಿ ಪ್ರಯಾಣಕ್ಕೆ ಶೇಕಡಾ 10 ರಿಯಾಯಿತಿ. ಜನಸಂದಣಿ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಶೇಕಡಾ 10 ಕಳೆದರೆ 32ರ ಟಿಕೇಟು 28 ರೂಪಾಯಿ 80 ಪೈಸೆಗೆ ಇಳಿಯಿತು. ಐದು ಸಲಕ್ಕೆ 144 ಮಾತ್ರ. ಆಗ ಪಾಸಿನವನು ಲಾಭ ಕಾಣಬೇಕಾದರೆ ಐದಲ್ಲ, ಆರು ಸಲ ಹತ್ತಬೇಕು. ಪಾಸನ್ನು ಬಿಡಿ ಟಿಕೇಟಿನೊಡನೆ ಮಾತ್ರ ಹೋಲಿಸಿ ನೋಡುವವರು ಈ ಮೂರನೆಯ ದಾರಿಯನ್ನು ಮರೆಯುತ್ತಾರೆ.

ಪಾಸು ಬಾಗಿಲ ತನಕ ಬರುವುದಿಲ್ಲ

ಲೆಕ್ಕ ಇಷ್ಟಕ್ಕೇ ಮುಗಿಯಲಿಲ್ಲ. "ಕುತುಬ್ ಮಿನಾರ್ ಅಂತ ಸ್ಟೇಶನ್ನೇ ಉಂಟಲ್ಲ, ಇಳಿದರೆ ಆಯಿತು" ಎಂದರು ಮಾಷ್ಟ್ರು. ಹೆಸರು ಅದೇ ಹೌದು; ಆದರೆ ನಿಲ್ದಾಣದಿಂದ ಸ್ಮಾರಕದ ಬಾಗಿಲಿಗೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಹುಮಾಯೂನನ ಗೋರಿಗೆ ಹೋಗುವವರು ಜವಾಹರಲಾಲ್ ನೆಹರೂ ಸ್ಟೇಡಿಯಂ ನಿಲ್ದಾಣದಲ್ಲಿ ಇಳಿದರೂ ಅಲ್ಲಿಂದ ಆಟೋರಿಕ್ಷಾ ಹಿಡಿಯಬೇಕು. ರಾಜಘಾಟಕ್ಕೆ ದಿಲ್ಲಿ ಗೇಟ್ ನಿಲ್ದಾಣ ಹತ್ತಿರ ಎನ್ನುತ್ತಾರೆ. ಮೊಣಗಂಟು ನೋವಿನವರಿಗೆ ಆ ಹತ್ತಿರವೂ ದೂರವೇ. ಕೆಂಪುಕೋಟೆಗೆ ಮಾತ್ರ 2017ರಲ್ಲಿ ತೆರೆದ ಲಾಲ್ ಕಿಲಾ ನಿಲ್ದಾಣ ಸಮೀಪದಲ್ಲೇ ಇದೆ. ಅಕ್ಷರಧಾಮಕ್ಕೂ ಅದೇ ಹೆಸರಿನ ನಿಲ್ದಾಣದಿಂದ ನಡೆದು ಹೋಗಬಹುದು.

ಆಟೋರಿಕ್ಷಾದ ಖರ್ಚು ಪಾಸಿನೊಳಗೆ ಬರುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಮುಖ್ಯವಾದ ಖರ್ಚು ಅದೇ. ಮೆಟ್ರೋದಲ್ಲಿ ಹಿರಿಯ ನಾಗರಿಕರಿಗೆ ದರದಲ್ಲಿ ರಿಯಾಯಿತಿ ಇಲ್ಲ. ಕೂರಲು ಮೀಸಲು ಆಸನವಿದೆ ಅಷ್ಟೆ. ಮಕ್ಕಳಲ್ಲಿ 90 ಸೆಂಟಿಮೀಟರಿಗಿಂತ ಎತ್ತರ ಕಡಿಮೆ ಇರುವವರಿಗೆ ಮಾತ್ರ ಉಚಿತ. ಮಾಷ್ಟ್ರ ಹತ್ತು ವರ್ಷದ ಮೊಮ್ಮಗನಿಗೆ ಪೂರ್ತಿ ದರವೇ.

ಉಚಿತವಾದದ್ದಕ್ಕೆ ಹಣ ಏಕೆ?

ಇನ್ನೊಂದು ಮಾತು. ನೋಡಬೇಕೆಂದು ಬರೆದಿಟ್ಟ ಪಟ್ಟಿಯಲ್ಲಿ ಯಾವುದಕ್ಕೆ ಪ್ರವೇಶ ಶುಲ್ಕವಿದೆ, ಯಾವುದಕ್ಕಿಲ್ಲ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ದಿಲ್ಲಿಯಲ್ಲಿ ರಾಜಘಾಟ ಉಚಿತ. ಇಂಡಿಯಾ ಗೇಟ್ ಉಚಿತ. ಕಮಲದ ಆಕಾರದ ಬಹಾಯಿ ಮಂದಿರ ಉಚಿತ. ಲೋದಿ ಉದ್ಯಾನ ಉಚಿತ. ಅಕ್ಷರಧಾಮದ ದೇವಾಲಯಕ್ಕೆ ಪ್ರವೇಶ ಉಚಿತ. ಪ್ರದರ್ಶನಗಳಿಗೆ ಮಾತ್ರ ಟಿಕೇಟು.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 2018ರ ಪರಿಷ್ಕರಣೆಯಂತೆ ಕುತುಬ್ ಮಿನಾರ್, ಹುಮಾಯೂನನ ಗೋರಿಗಳಿಗೆ ಭಾರತೀಯರಿಗೆ ನಗದಾಗಿ 40 ರೂಪಾಯಿ, ಮೊಬೈಲಿನ ಮೂಲಕವಾದರೆ 35. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ನಮ್ಮ ಬೇಕಲ ಕೋಟೆಯ ಬಾಗಿಲಲ್ಲಿ 25 ರೂಪಾಯಿ ಕೊಟ್ಟು ಒಳಹೋಗುವವರಿಗೆ ಈ ಕ್ರಮ ಹೊಸದಲ್ಲ. ವಿದೇಶೀಯರಿಗಾದರೆ ಅದೇ ಕುತುಬ್ ಮಿನಾರಿಗೆ 600 ರೂಪಾಯಿ. ಅವರಿಗೆ ಪ್ರವೇಶಗಳ ಪಾಸಿನಿಂದ ಲಾಭವಾದೀತು. 40 ರೂಪಾಯಿಯ ಚೀಟಿ ಕೊಳ್ಳುವ ನಮಗೆ ಅದರಿಂದ ಉಳಿಯುವುದು ಬಲು ಕಡಿಮೆ. ವಿದೇಶೀ ಪ್ರವಾಸಿಯೊಬ್ಬ ಹೊಗಳಿ ಬರೆದದ್ದನ್ನು ಓದಿ ನಾವು ಪಾಸು ಕೊಳ್ಳಲು ಹೊರಟರೆ ಅವನ ಲೆಕ್ಕ ನಮಗೆ ಹೊಂದುವುದಿಲ್ಲ.

ಕೆಲವೆಡೆ ಪಾಸು ಎಂಬ ಹೆಸರಿಲ್ಲದೆಯೇ ಆ ಅನುಕೂಲ ಸಿಗುತ್ತದೆ. ಹಂಪಿಯಲ್ಲಿ ವಿಜಯವಿಠ್ಠಲ ದೇವಾಲಯದ ಬಳಿ ಕೊಂಡ ಚೀಟಿಯಿಂದಲೇ ಅದೇ ದಿನ ಕಮಲ ಮಹಲಿನ ಆವರಣವನ್ನೂ ಕಮಲಾಪುರದ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ಇದನ್ನರಿಯದೆ ಚೀಟಿಯನ್ನು ಬಿಸಾಡಿ ಮತ್ತೊಮ್ಮೆ ಹಣ ಕೊಡುವವರಿದ್ದಾರೆ.

ವಾರವನ್ನೂ ಗಡಿಯಾರವನ್ನೂ ನೋಡಬೇಕು

ಕಾಸರಗೋಡಿನವರು ದಿಲ್ಲಿಗೆ ಹೋಗುವುದೆಂದರೆ ಸಾಮಾನ್ಯವಾಗಿ ಮಂಗಳಾ ಎಕ್ಸ್‌ಪ್ರೆಸ್. ಸಂಜೆ ಇಲ್ಲಿ ಹತ್ತಿದರೆ ಎರಡು ರಾತ್ರಿ ಕಳೆದು, ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹಜರತ್ ನಿಜಾಮುದ್ದೀನ್ ನಿಲ್ದಾಣ. ಈ ದಾರಿಯಲ್ಲಿ ಸಿಗುವ ಕೊಂಕಣ ರೈಲ್ವೆಯ ನಿರ್ಮಾಣಕ್ಕೂ, ಮುಂದೆ ದಿಲ್ಲಿಯಲ್ಲಿ ಹತ್ತುವ ಮೆಟ್ರೋದ ನಿರ್ಮಾಣಕ್ಕೂ ನಾಯಕರಾಗಿದ್ದವರು ಒಬ್ಬರೇ: ಪಾಲಕ್ಕಾಡಿನ ಇ. ಶ್ರೀಧರನ್. ಕೊಂಕಣ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು; ದಿಲ್ಲಿ ಮೆಟ್ರೋದ ಮೊದಲ ರೈಲು ಓಡಿದ್ದು 2002ರ ಡಿಸೆಂಬರಿನಲ್ಲಿ.

ರೈಲು ಮಧ್ಯಾಹ್ನ ತಲಪುವುದೆಂದ ಮೇಲೆ ಇಳಿದ ಕೂಡಲೇ ಪಾಸು ಕೊಳ್ಳುವುದು ಜಾಣತನವಲ್ಲ. ವಸತಿ ಸೇರಿ, ಮಿಂದು, ಉಂಡು ಏಳುವಾಗ ದಿನ ಮುಗಿದಿರುತ್ತದೆ. ಪಾಸನ್ನು ಬೆಳಗ್ಗೆಯೇ ಆರಂಭಿಸಬೇಕು.

ವಾರವೂ ಮುಖ್ಯ. ಕೆಂಪುಕೋಟೆ, ಅಕ್ಷರಧಾಮ, ಬಹಾಯಿ ಮಂದಿರ, ರಾಷ್ಟ್ರೀಯ ವಸ್ತುಸಂಗ್ರಹಾಲಯ ಇವೆಲ್ಲಕ್ಕೂ ಸೋಮವಾರ ರಜೆ. ಆಗ್ರಾದ ತಾಜ್ ಮಹಲಿಗೆ ಶುಕ್ರವಾರ ರಜೆ. ಶನಿವಾರ ಆರಂಭಿಸಿ ಮೂರು ದಿನದ ಪಾಸು ಕೊಂಡವನಿಗೆ ಭಾನುವಾರ ಬಿಡಿ ಟಿಕೇಟೇ ಅಗ್ಗ, ಸೋಮವಾರ ಅರ್ಧ ಊರಿಗೆ ಬೀಗ. ಪಾಸು ಮಾರುವವನು ಇದನ್ನು ಕರೆದು ಹೇಳಲಾರ. ನಾವೇ ಪಂಚಾಂಗ ನೋಡಿಕೊಂಡು ಹೊರಡಬೇಕು.

ಕಡಲಾಚೆಯ ಪಾಸುಗಳು

ಮಕ್ಕಳು ಪರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿಗೆ ಹೋಗುವ ತಂದೆತಾಯಿಗಳಿಗೂ ಈ ಪ್ರಶ್ನೆ ಎದುರಾಗುತ್ತದೆ. ಅಲ್ಲಿ ಮೊತ್ತ ದೊಡ್ಡದು, ತಪ್ಪಿದರೆ ನಷ್ಟವೂ ದೊಡ್ಡದು.

ಲಂಡನಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ನ್ಯಾಶನಲ್ ಗ್ಯಾಲರಿ, ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಮುಂತಾದವುಗಳ ಶಾಶ್ವತ ಸಂಗ್ರಹಗಳನ್ನು ನೋಡಲು ಶುಲ್ಕವಿಲ್ಲ. ಇಂಥವುಗಳಲ್ಲೇ ಕಾಲ ಕಳೆಯುವವನಿಗೆ ಲಂಡನ್ ಪಾಸು ಅನಾವಶ್ಯಕ. ಲಂಡನ್ ಟವರ್, ವೆಸ್ಟ್‌ಮಿನ್‌ಸ್ಟರ್ ಅಬೆಯಂಥ ಹಣ ತೆತ್ತು ನೋಡುವ ಸ್ಥಳಗಳನ್ನು ಒಂದೇ ದಿನ ಎರಡು ಮೂರು ಮುಗಿಸುವವನಿಗೆ ಮಾತ್ರ ಅದರ ಪ್ರಯೋಜನ. ಅಲ್ಲಿ ಪಾಸಿನ ದಿನವೆಂದರೆ ಪಂಚಾಂಗದ ದಿನ. ಸಂಜೆ ನಾಲ್ಕಕ್ಕೆ ಆರಂಭಿಸಿದರೂ ಒಂದು ದಿನ ಹೋಯಿತೆಂದೇ ಲೆಕ್ಕ. ಪ್ಯಾರಿಸಿನ ಮ್ಯೂಸಿಯಂ ಪಾಸು ಹಾಗಲ್ಲ. ಅದು 48, 96, 144 ಗಂಟೆಗಳ ಲೆಕ್ಕದಲ್ಲಿ ಓಡುತ್ತದೆ. ಆದರೆ ಐಫೆಲ್ ಗೋಪುರ ಅದರಲ್ಲಿ ಸೇರಿಲ್ಲ. ಪಾಸಿದ್ದರೂ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೊತ್ತು ಗೊತ್ತುಮಾಡಿಕೊಂಡೇ ಹೋಗಬೇಕು. ಮಂಗಳವಾರ ಅದಕ್ಕೆ ರಜೆ. ಹದಿನೆಂಟು ವರ್ಷದೊಳಗಿನವರಿಗೆ ಅಲ್ಲಿ ಪ್ರವೇಶ ಉಚಿತವಾಗಿರುವುದರಿಂದ ಮಕ್ಕಳಿಗೆ ಪಾಸು ಕೊಳ್ಳುವುದು ದಂಡ.

ಹಳೆಯ ಸಲಹೆ ಹೇಗೆ ಕೆಡುತ್ತದೆ ಎಂಬುದಕ್ಕೆ ಜಪಾನ್ ಉದಾಹರಣೆ. ಅಲ್ಲಿಯ ರೈಲು ಪಾಸಿನ ಏಳು ದಿನದ ಸಾಮಾನ್ಯ ದರ 29,650 ಯೆನ್ ಇತ್ತು. ಟೋಕಿಯೋದಿಂದ ಕ್ಯೋಟೋಗೆ ವೇಗದ ರೈಲಿನಲ್ಲಿ ಹೋಗಿ ಬರಲು ಸುಮಾರು 28,000 ಯೆನ್ ಬೇಕಾಗುತ್ತಿದ್ದುದರಿಂದ ಒಂದು ಸಲ ಹೋಗಿ ಬಂದರೇ ಹಣ ಹೆಚ್ಚುಕಡಿಮೆ ವಸೂಲು. ಕಣ್ಣು ಮುಚ್ಚಿ ಕೊಳ್ಳಿರೆಂದು ಎಲ್ಲರೂ ಹೇಳುತ್ತಿದ್ದರು. 2023ರ ಅಕ್ಟೋಬರ್ 1ರಂದು ಅದೇ ಪಾಸು 50,000 ಯೆನ್ ಆಯಿತು. ಹಿಂದಿನ ವರ್ಷ ಹೋಗಿ ಬಂದವನ ಮಾತು ಮರುವರ್ಷಕ್ಕೆ ನಡೆಯಲಿಲ್ಲ. ದಿಲ್ಲಿಯ ದರಗಳಿಗೂ ಇದೇ ಮಾತು. ಹೊರಡುವ ದಿನದ ದರವನ್ನು ಕೌಂಟರಿನಲ್ಲಿ ನೋಡಿಕೊಂಡು ಮೇಲಿನ ಭಾಗಾಕಾರವನ್ನು ಇನ್ನೊಮ್ಮೆ ಮಾಡಬೇಕು.

ಮಾಷ್ಟ್ರ ತೀರ್ಮಾನ

ಕ್ಯಾಲೆಂಡರಿನ ಹಾಳೆಗೆ ಮರಳೋಣ. ಹೋಗುವವರು ನಾಲ್ವರು: ಮಾಷ್ಟ್ರು, ಅವರ ಮನೆಯವರು, ತಾಯಿ, ಮೊಮ್ಮಗ. ಹೊಸದಿಲ್ಲಿ ರೈಲು ನಿಲ್ದಾಣದ ಬಳಿ ವಸತಿ. ಮೊದಲ ದಿನ ಕೆಂಪುಕೋಟೆ, ಎರಡು ಪ್ರಯಾಣ. ಎರಡನೆಯ ದಿನ ಕುತುಬ್ ಮಿನಾರ್, ಬಹಾಯಿ ಮಂದಿರ, ಸಂಜೆ ಇಂಡಿಯಾ ಗೇಟ್, ನಾಲ್ಕು ಪ್ರಯಾಣ. ಮೂರನೆಯ ದಿನ ರಾಜಘಾಟ ಮತ್ತು ಹುಮಾಯೂನನ ಗೋರಿ. ರಾಜಘಾಟಕ್ಕೆ ಬಾಡಿಗೆ ಗಾಡಿ, ಉಳಿದಂತೆ ಎರಡು ಪ್ರಯಾಣ. ಒಟ್ಟು ಎಂಟು.

ಸರಾಸರಿ 32ರಂತೆ ಒಬ್ಬರಿಗೆ 256, ನಾಲ್ವರಿಗೆ 1,024 ರೂಪಾಯಿ. ಪಾಸಾದರೆ ಠೇವಣಿ ಕಳೆದು ನಾಲ್ವರಿಗೆ 1,800. ವ್ಯತ್ಯಾಸ 776. ಎಲ್ಲ ಪ್ರಯಾಣಗಳನ್ನೂ 43ರಂತೆ ಹಿಡಿದರೂ 1,376 ಆಯಿತೇ ವಿನಾ 1,800 ಆಗಲಿಲ್ಲ. ಪಾಸಿನ ಹಣ ಹುಟ್ಟಬೇಕಾದರೆ 32ರ ದರದಲ್ಲಿ ಮೂರು ದಿನದಲ್ಲಿ ಹದಿನೈದು ಸಲ ಆ ವೃದ್ಧೆ ರೈಲು ಹತ್ತಿಳಿಯಬೇಕಾಗಿತ್ತು.

ಮಾಷ್ಟ್ರು ಪೆನ್ಸಿಲು ಕೆಳಗಿಟ್ಟರು. "ಹಣದ ಮಾತು ಹಾಗಿರಲಿ. ಪಾಸು ಕೈಯಲ್ಲಿದ್ದರೆ ನಾನು ಸುಮ್ಮನಿರುವವನಲ್ಲ. ಇನ್ನೊಂದು ಜಾಗ ಆಗಬಹುದು, ಏಳಿ ಅಂತ ಅಮ್ಮನನ್ನು ಎಬ್ಬಿಸುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತುಂಟು" ಎಂದರು.

ಈ ಮಾತು ಹೆಚ್ಚಿನವರಿಗೂ ಸಲ್ಲುತ್ತದೆ. ತೆತ್ತ ಹಣ ಮರಳಿ ಬರುವುದಿಲ್ಲ. ಅದನ್ನು ವಸೂಲು ಮಾಡಬೇಕೆಂಬ ಹಟದಲ್ಲಿ ಬೇಡದ ಕಡೆಗೂ ಓಡುತ್ತೇವೆ. ನೋಡಲೆಂದು ಹೋದವರು ಪಟ್ಟಿಗೆ ಗೀಟು ಹಾಕುವುದರಲ್ಲೇ ದಿನ ಮುಗಿಸುತ್ತೇವೆ.

ಅವರು ಪಾಸು ಕೊಳ್ಳಲಿಲ್ಲ. ಉಳಿದ 776 ರೂಪಾಯಿಯನ್ನು ಬೇರೆ ತೆಗೆದಿಟ್ಟು, ನಿಲ್ದಾಣದಿಂದ ಸ್ಮಾರಕದ ಬಾಗಿಲ ತನಕದ ಬಾಡಿಗೆ ಗಾಡಿಗೆಂದೇ ಖರ್ಚು ಮಾಡಿದರು. ಎರಡನೆಯ ದಿನ ತಾಯಿಗೆ ಕಾಲು ಬಾತುಕೊಂಡದ್ದರಿಂದ ಇಂಡಿಯಾ ಗೇಟನ್ನು ಬಿಟ್ಟರಂತೆ. ಪಾಸು ಇಲ್ಲದ ಕಾರಣ ಬಿಡಲು ಸಂಕಟವಾಗಲಿಲ್ಲ. ಮೂರನೆಯ ದಿನ ಬೆಳಗ್ಗೆ ರಾಜಘಾಟದಲ್ಲಿ ಆಕೆ ಚಪ್ಪಲಿ ಕಳಚಿ, ಮರಿಮಗನ ಹೆಗಲು ಹಿಡಿದು ಕಪ್ಪು ಶಿಲೆಯ ಬಳಿಗೆ ಹೋದರು. ಒಂದು ಗಂಟೆಯ ಹೊತ್ತು ಹುಲ್ಲಿನ ಮೇಲೆ ಕುಳಿತಿದ್ದರು. ಯಾರೂ ಏಳಿ ಎನ್ನಲಿಲ್ಲ. "ಪಿಜ್ಜಿ ಅಲ್ಲಿ ಏನೂ ಮಾತಾಡಲಿಲ್ಲ, ಬರುವಾಗ ಮಾತ್ರ ಅವರ ಅಪ್ಪನ ಕಥೆ ಪೂರಾ ಹೇಳಿದರು" ಎಂದು ಊರಿಗೆ ಬಂದ ಮೇಲೆ ಆ ಹುಡುಗ ನಮ್ಮಲ್ಲಿ ಹೇಳಿದ.

ಹಾಗಾದರೆ ಪಾಸು ಯಾರಿಗೆ?

ಪಾಸು ಯಾರಿಗೂ ಬೇಡವೆಂದು ಇದರ ಅರ್ಥವಲ್ಲ. ಮಾಷ್ಟ್ರ ತಂಗಿಯ ಮಗ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಪರೀಕ್ಷೆ ಮುಗಿದ ಮೇಲೆ ಮೂವರು ಗೆಳೆಯರೊಡನೆ ದಿಲ್ಲಿಗೆ ಹೊರಟವನು, "ಮಾವ, ನೀವು ಪಾಸು ಬೇಡ ಅಂದದ್ದಂತೆ" ಎಂದು ಕೇಳಲು ಬಂದ. ಅವನ ಪಟ್ಟಿಯನ್ನು ಮಾಷ್ಟ್ರು ಓದಿ ನೋಡಿದರು. ಬೆಳಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮರಳುವ ಹುಡುಗರು. ಊರಿನ ಈ ತುದಿಯಿಂದ ಆ ತುದಿಗೆ ದಿನಕ್ಕೆ ಆರೇಳು ಪ್ರಯಾಣ. ನಿಲ್ದಾಣದಿಂದ ಎರಡು ಕಿಲೋಮೀಟರು ನಡೆಯಲು ಅಂಜದ ಕಾಲು. ಅಂಥವರಿಗೆ 150 ರೂಪಾಯಿ ಮಧ್ಯಾಹ್ನದ ಹೊತ್ತಿಗೇ ಹುಟ್ಟೀತು. ಪ್ರತಿ ಸಲ ಟಿಕೇಟಿನ ಸಾಲಿನಲ್ಲಿ ನಿಲ್ಲುವ ಕಾಟವೂ ಇಲ್ಲ.

ಕೊಳ್ಳುವ ಮೊದಲು ಐದು ಪ್ರಶ್ನೆ ಕೇಳಿಕೊಂಡರೆ ಸಾಕು. ನಾನು ನೋಡಬೇಕೆಂದಿರುವುದು ಪಾಸಿನೊಳಗೆ ಇದೆಯೇ? ಅದರಲ್ಲಿ ಉಚಿತವಾದದ್ದು ಎಷ್ಟು? ಬಿಡಿಯಾಗಿ ಕೊಟ್ಟರೆ ಒಟ್ಟು ಎಷ್ಟಾಗುತ್ತದೆ? ನಾನು ಅಲ್ಲಿರುವ ದಿನಗಳಲ್ಲಿ ಯಾವುದಕ್ಕೆ ರಜೆ? ನನ್ನ ಜೊತೆಯವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು? ಕೊನೆಯ ಪ್ರಶ್ನೆಯ ಉತ್ತರ ಸಿಕ್ಕಿದರೆ ಉಳಿದ ಲೆಕ್ಕ ಅರ್ಧ ಮುಗಿದಂತೆಯೇ.

ಹುಡುಗನಿಗೆ ಮಾಷ್ಟ್ರು ಒಂದು ದಿನದ ಕಾರ್ಡನ್ನೇ ದಿನವೂ ಕೊಳ್ಳಲು ಹೇಳಿದರು. ಮೂರು ದಿನದ್ದು ಬೇಡವೆಂದರು. ಭಾನುವಾರ ಮಾತ್ರ ಬಿಡಿ ಟಿಕೇಟಿನೊಡನೆ ಇನ್ನೊಮ್ಮೆ ಲೆಕ್ಕ ಹಾಕಿ ನೋಡೆಂದರು. ಹೊರಡುವಾಗ ತಾಯಿ ಒಳಗಿನಿಂದ ಕರೆದು, ಠೇವಣಿಯ ಐವತ್ತು ರೂಪಾಯಿಯನ್ನು ವಾಪಸು ತೆಗೆದುಕೊಳ್ಳಲು ಮರೆಯಬೇಡ ಎಂದು ನೆನಪಿಸಿದರು.